ಹಾರ್ವೆಸ್ಟರ್‌ಗೆ ಬೆಂಕಿ: ಹೊಟ್ಟು ಊದುವ ಹೊತ್ತಿಗೂ ಬಾಡಿಗೆ ಕೊಡಿ

ಮಹಾರಾಷ್ಟ್ರದ ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ಕಡೆಯ ಎರೆ ಹೊಲಗಳಲ್ಲಿ ಕಡಲೆ, ಕುಸುಬೆ, ಗೋಧಿ ಕಟಾವಿಗೆ ಬರುವಾಗ ಬಿಸಿಲು ಏರುತ್ತಿರುತ್ತದೆ. ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಆಳು ಸಿಗುವುದಿಲ್ಲ. ಪಂಜಾಬಿನಿಂದ ಬಂದ ಹಾರ್ವೆಸ್ಟರ್‌ಗಾಗಿ ಊರಿಗೆ ಊರೇ ಸರದಿಯಲ್ಲಿ ಕಾಯುತ್ತದೆ. ಮಷೀನು ಒಂದು ಹೊಲದಿಂದ ಇಳಿದು ಇನ್ನೊಂದಕ್ಕೆ ಹತ್ತುತ್ತದೆ, ನಡುವೆ ನಿಲ್ಲುವುದೇ ಇಲ್ಲ. ಹಾರ್ವೆಸ್ಟರ್ ಸರ್ವಿಸ್ ಕೆಲಸ ಮಾಡುವ ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ನಿಲ್ಲದ ಓಟವೇ.

ಸುಟ್ಟ ಮಷೀನು ನೋಡಿದವರು "ಶಾರ್ಟ್ ಸರ್ಕ್ಯೂಟ್ ಆಯ್ತಂತೆ" ಎಂದು ಮಾತು ಮುಗಿಸುತ್ತಾರೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಕಿಡಿ ಎಲ್ಲಿಂದಲೇ ಬರಲಿ, ಅದಕ್ಕೆ ಹಿಡಿದುಕೊಳ್ಳಲು ಏನಾದರೂ ಬೇಕಲ್ವಾ? ಹೆಚ್ಚಿನ ಸಲ ಅದು ಒಣ ಹೊಟ್ಟು. ಲೋಡಿನಲ್ಲಿ ಓಡುವ ಇಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕೊಳವೆ), ಟರ್ಬೊ (ಆ ಹೊಗೆಯಿಂದಲೇ ತಿರುಗಿ ಇಂಜಿನ್ನಿಗೆ ಗಾಳಿ ತಳ್ಳುವ ಭಾಗ) 400 ಡಿಗ್ರಿ ದಾಟುವುದು ಮಾಮೂಲು. ಒಣ ಹೊಟ್ಟು ಹೊತ್ತಿಕೊಳ್ಳಲು ಅಷ್ಟು ಬಿಸಿ ಬೇಕಿಲ್ಲ. ದಪ್ಪ ಪದರವಾಗಿ ಕೂತು ತಾಸುಗಟ್ಟಲೆ ಕಾದರೆ ಇನ್ನೂ ಕಡಿಮೆ ಬಿಸಿ ಸಾಕು. ಮೊದಲು ಉರಿ ಕಾಣುವುದಿಲ್ಲ. ಒಳಗೊಳಗೇ ಕೆಂಡವಾಗಿ ಕೂತಿರುತ್ತದೆ. ಮಷೀನು ತಿರುಗುವಾಗ ಗಾಳಿ ಬೀಸಿತೋ, ಆ ಕೆಂಡದ ಚೂರು ಹಾರಿ ಹೊಲಕ್ಕೆ ಬಿತ್ತೋ, ಆಗಲೇ ನಮಗೆ ಗೊತ್ತಾಗುವುದು.

ಬೆಳೆಯ ಗುಣವೂ ಇಲ್ಲಿ ಮುಖ್ಯ. ಮುಳ್ಳಿನ ಕಾಟಕ್ಕೆ ಕುಸುಬೆಯನ್ನು ಕೈಯಿಂದ ಕೊಯ್ಯಲು ಯಾರೂ ಒಪ್ಪುವುದಿಲ್ಲ, ಹಾಗಾಗಿ ಮಷೀನೇ ಗತಿ. ಆದರೆ ಕುಸುಬೆಯ ತೆನೆಯಿಂದ ನವಿರಾದ ನಾರು ಹತ್ತಿಯಂತೆ ಹಾರುತ್ತದೆ. ರೇಡಿಯೇಟರಿನ ಜಾಳಿಗೆಯನ್ನು ಅದು ಬೇಗ ಮುಚ್ಚುತ್ತದೆ. ಇಂಜಿನ್ ಕಾದು ಬಿಸಿಯಾಗುತ್ತದೆ. ಸೈಲೆನ್ಸರಿನ ಸುತ್ತಲೂ ಅದೇ ನಾರು ಮೆತ್ತಿಕೊಳ್ಳುತ್ತದೆ. ಕಡಲೆಯದು ಬೇರೆ ಕಥೆ. ಗಿಡ ಗಿಡ್ಡ, ನೆಲಕ್ಕೆ ತಾಗಿಸಿ ಕೊಯ್ಯಬೇಕು. ಬೆಳೆ ಕೊಯ್ಯುವ ಕಟರ್ ಬಾರಿಗೆ ಕಲ್ಲು ಬಡಿದರೆ ಕಿಡಿ ಹಾರುತ್ತದೆ, ಜೊತೆಗೆ ನುಣ್ಣನೆಯ ಧೂಳು ಏಳುತ್ತದೆ. ಆಸ್ಟ್ರೇಲಿಯಾದಲ್ಲೂ ಕಡಲೆ, ಸೂರ್ಯಕಾಂತಿ ಕಟಾವು ಎಂದರೆ ಮಷೀನಿಗೆ ಬೆಂಕಿ ಬೀಳುವ ಭಯ ಜಾಸ್ತಿ ಎಂದೇ ರೈತರು ಎಚ್ಚರ ವಹಿಸುತ್ತಾರೆ. ಗೋಧಿ ಕೊಯ್ದ ಲೆಕ್ಕದಲ್ಲಿ ಕುಸುಬೆ ಹೊಲಕ್ಕೆ ಇಳಿಯಬೇಡಿ. ಗೋಧಿಯಲ್ಲಿ ದಿನಕ್ಕೆ ಎರಡು ಸಲ ಗಾಳಿಯಿಂದ ಹೊಟ್ಟು ಊದಿದರೆ ನಡೆಯುವ ಮಷೀನನ್ನು ಇಲ್ಲಿ ಪ್ರತಿ ಟ್ಯಾಂಕ್ ಕಾಳು ಖಾಲಿ ಮಾಡಿದಾಗಲೂ ನೋಡಬೇಕು.

ಇದು ಡ್ರೈವರುಗಳಿಗೆ ಗೊತ್ತಿಲ್ಲ ಎಂದಲ್ಲ. ಚೆನ್ನಾಗಿ ಗೊತ್ತಿದೆ. ಆದರೆ ಬಾಡಿಗೆ ತಾಸಿನ ಲೆಕ್ಕದ್ದಾದರೆ ರೈತ ನಿಲ್ಲಿಸಲು ಬಿಡುವುದಿಲ್ಲ, ಎಕರೆ ಲೆಕ್ಕದ್ದಾದರೆ ಡ್ರೈವರ್ ತಾನಾಗಿ ನಿಲ್ಲಿಸುವುದಿಲ್ಲ. ಅದಕ್ಕೇ ನಾನು ರೈತರಿಗೆ ಹೇಳುವುದು: ಮಾತು ಆಡುವಾಗಲೇ ಊದುವ ಹೊತ್ತನ್ನೂ ಬಾಡಿಗೆಗೆ ಸೇರಿಸಿ. "ನನ್ನ ಹೊಲಕ್ಕೆ ಇಳಿಯೋ ಮುಂಚೆ 15 ನಿಮಿಷ ಮಷೀನು ಊದಿ, ಅದರ ದುಡ್ಡು ನಾನು ಕೊಡ್ತೀನಿ" ಅನ್ನಿ. ನಿಂತ ಬೆಳೆ, ಪಕ್ಕದವರ ಬಣವೆ, ಬದುವಿನ ಬೇವಿನ ಮರ, ಡ್ರಿಪ್ ಪೈಪು ಎಲ್ಲ ಒಟ್ಟಿಗೆ ಸುಡುವುದರ ಮುಂದೆ ಆ ದುಡ್ಡು ಏನೂ ಅಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಂಕಿ ಎಂದರೆ ಸಿಡಿಲು ಮತ್ತು ನೈಸರ್ಗಿಕ ಬೆಂಕಿ ಎಂಬುದೂ ನೆನಪಿರಲಿ. ಮಷೀನಿನಿಂದ ಹತ್ತಿದ ಬೆಂಕಿಗೆ ಅದನ್ನು ನಂಬಿ ಕೂರಬೇಡಿ. ಮಷೀನಿನ ಸ್ವಂತ ವಿಮೆ ಚಾಲ್ತಿಯಲ್ಲಿದೆಯೇ ಎಂದು ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಊದುವುದೆಂದರೆ ಮೇಲಿನ ಧೂಳು ಹಾರಿಸುವುದಲ್ಲ. ಇಂಜಿನ್ ಆರಿಸಿ, ಸ್ವಲ್ಪ ತಣ್ಣಗಾಗಲು ಬಿಟ್ಟು, ಮೇಲಿನಿಂದ ಕೆಳಕ್ಕೆ ಬನ್ನಿ. ಮ್ಯಾನಿಫೋಲ್ಡ್, ಟರ್ಬೊ, ಸೈಲೆನ್ಸರಿನ ಅಡಿ, ಬ್ಯಾಟರಿ ಪೆಟ್ಟಿಗೆ, ಡೀಸೆಲ್ ಟ್ಯಾಂಕಿನ ಸಂದು, ಬ್ರೇಕಿನ ಸುತ್ತ. ಕೈಯಲ್ಲಿ ಹಿಡಿಯುವ ಬ್ಲೋವರ್ ಇದ್ದರೆ ಕೆಲಸ ಬೇಗ ಆಗುತ್ತದೆ. ಮೊದಲು ಕಣ್ಣಿನಿಂದ ನೋಡಿ, ಮೂಗಿನಿಂದ ವಾಸನೆ ಹಿಡಿಯಿರಿ, ಆಮೇಲೆ ಗಾಳಿ ಬಿಡಿ. ಒಳಗೆ ಕೆಂಡ ಇದ್ದರೆ ಬ್ಲೋವರ್ ಅದನ್ನೇ ಉರಿಸುತ್ತದೆ. ಎಣ್ಣೆ ಜಿನುಗಿದ ಜಾಗದಲ್ಲಿ ಹೊಟ್ಟು ಅಂಟಿ ಕಪ್ಪು ಮೇಣದಂತಾಗಿರುತ್ತದೆ. ಅದು ಊದಿದರೆ ಹೋಗುವುದಿಲ್ಲ, ಕೆರೆದೇ ತೆಗೆಯಬೇಕು. ಎಣ್ಣೆ ಎಲ್ಲಿಂದ ಬರುತ್ತಿದೆ ಎಂದೂ ನೋಡಬೇಕು.

ತಿರುಗುವ ಶಾಫ್ಟನ್ನು ಹಿಡಿದಿಡುವ ಬೇರಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ಮ್ಯಾನಿಫೋಲ್ಡ್ ಎಲ್ಲರ ಕಣ್ಣಿಗೆ ಬೀಳುತ್ತದೆ, ಬೇರಿಂಗ್ ಬೀಳುವುದಿಲ್ಲ. ಸೀಲು ಹರಿದು ಗ್ರೀಸು ಹೊರಬಂದ ಬೇರಿಂಗ್ ಹೊಟ್ಟು ಹೊತ್ತುವಷ್ಟು ಕಾಯುತ್ತದೆ. ಶಾಫ್ಟಿಗೆ ಹುಲ್ಲು, ಬಳ್ಳಿ, ಹಗ್ಗ ಸುತ್ತಿಕೊಂಡರೂ ಅದೇ ಗತಿ. ಸಂಜೆ ಕೆಲಸ ಬಿಟ್ಟ ಕೂಡಲೇ ದೂರದಿಂದ ಬಿಸಿ ಅಳೆಯುವ ಗನ್ ಥರ್ಮಾಮೀಟರ್ ಹಿಡಿದು ಒಂದು ಸುತ್ತು ಬನ್ನಿ. ಎಡಗಡೆಯ ಬೇರಿಂಗಿಗಿಂತ ಅದರ ಜೋಡಿ ಬಲಗಡೆಯದು ಎದ್ದು ಕಾಣುವಷ್ಟು ಬಿಸಿ ಇದ್ದರೆ ಅದನ್ನು ಬೆಳಗಾಗುವುದರೊಳಗೆ ಬದಲಿಸಿ. ಗನ್ ಇಲ್ಲವಾ? ಸುಟ್ಟು ಬಣ್ಣ ತಿರುಗಿದ ಪೇಂಟು, ಚೆಲ್ಲಿದ ಗ್ರೀಸು, ಕಿರ್ರೆನ್ನುವ ಸದ್ದು, ಇವೂ ಅದನ್ನೇ ಹೇಳುತ್ತವೆ. ಜಾರುವ ಬೆಲ್ಟಿನ ರಬ್ಬರ್ ವಾಸನೆ ಬಂದರೆ ಈ ಹೊಲ ಮುಗಿಯಲಿ ಎಂದು ಕಾಯಬಾರದು.

ವೈರಿಂಗ್ ವಿಷಯದಲ್ಲಿ ಹಳೆಯ ಮಷೀನು ಕೊಂಡವರು ಹುಷಾರಾಗಿರಬೇಕು. ಹಿಂದಿನ ಮಾಲಕ ರಾತ್ರಿ ಕೆಲಸಕ್ಕೆ ಹೆಚ್ಚುವರಿ ಲೈಟು, ಫ್ಯಾನು, ಹಾಡಿನ ಟೇಪು ಹಾಕಿಸಿರುತ್ತಾನೆ. ಫ್ಯೂಸೇ ಇಲ್ಲದೆ ನೇರ ಬ್ಯಾಟರಿಯಿಂದ ಎಳೆದಿರುತ್ತಾರೆ. ಬ್ಯಾಟರಿಯಿಂದ ಸ್ಟಾರ್ಟರ್‌ಗೆ ಹೋಗುವ ದಪ್ಪ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಅದು ಚಾಸಿಗೆ (ಮಷೀನಿನ ಕಬ್ಬಿಣದ ಚೌಕಟ್ಟಿಗೆ) ಉಜ್ಜಿ ಸವೆದರೆ, ಇಲಿ ಕಡಿದರೆ, ಮಷೀನು ಆರಿಸಿಟ್ಟಾಗಲೂ ಹೊತ್ತಬಹುದು. ಒಂದು ಮೇನ್ ಕಟ್‌ಆಫ್ ಸ್ವಿಚ್ ಹಾಕಿಸಿ, ರಾತ್ರಿ ನಿಲ್ಲಿಸುವಾಗ ಆಫ್ ಮಾಡಿಡಿ. ಹೈಡ್ರಾಲಿಕ್ ಹೋಸಿನಲ್ಲಿ ಸೂಜಿಯಷ್ಟು ತೂತು ಬಿದ್ದರೂ ಎಣ್ಣೆ ಮಂಜಿನಂತೆ ಚಿಮ್ಮುತ್ತದೆ, ಟರ್ಬೊ ಮೇಲೆ ಬಿದ್ದರೆ ಉರಿಯುತ್ತದೆ. ಆ ತೂತನ್ನು ಬೆರಳಿಂದ ಹುಡುಕಬೇಡಿ, ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಕ್ಯಾಬಿನ್ ಹತ್ತಿರ ಒಂದು, ನೆಲದ ಮೇಲೆ ನಿಂತು ಕೈಗೆ ಸಿಗುವಂತೆ ಇನ್ನೊಂದು, ಹೀಗೆ ಬೆಂಕಿ ಆರಿಸುವ 6 ಕೆಜಿಯ ಎರಡು ಎಬಿಸಿ ಪೌಡರ್ ಸಿಲಿಂಡರ್ ಇರಬೇಕು. ಸಿಲಿಂಡರಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರಿನಲ್ಲಿದ್ದರೆ ಮಾತ್ರ ಸಾಲದು. ಮಷೀನಿನ ಅದುರಾಟಕ್ಕೆ ಪೌಡರ್ ತಳದಲ್ಲಿ ಗಟ್ಟಿಯಾಗುತ್ತದೆ, ಆಗಾಗ ತಲೆಕೆಳಗು ಮಾಡಿ ಅಲ್ಲಾಡಿಸಿ. ಒಂದು ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಖಾಲಿ. ಹಾಗಾಗಿ ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹೊಡೆಯಬೇಕು. ಜೊತೆಗೆ ಹೊಲದ ಬದುವಿನಲ್ಲಿ ಔಷಧಿ ಹೊಡೆಯುವ ಟ್ರಾಕ್ಟರ್ ಟ್ಯಾಂಕಿಗೆ ನೀರು ತುಂಬಿಸಿ ನಿಲ್ಲಿಸಿ. ಔಷಧಿ ಉಳಿದಿರದಂತೆ ಮೊದಲೇ ತೊಳೆದಿರಿ. ಹೊಟ್ಟಿನ ಬೆಂಕಿಗೆ ಪೌಡರಿಗಿಂತ ನೀರೇ ಒಳ್ಳೆಯದು, ಏಕೆಂದರೆ ಪೌಡರ್ ಉರಿ ಆರಿಸುತ್ತದೆ, ಕೆಂಡ ತಣಿಸುವುದಿಲ್ಲ. ಡೀಸೆಲ್, ಎಣ್ಣೆ, ಬ್ಯಾಟರಿಯ ಬೆಂಕಿಗೆ ಮಾತ್ರ ನೀರು ಹಾಕಬೇಡಿ.

ಹೊಗೆ ಕಂಡಿತು ಅನ್ನಿ. ಮಷೀನನ್ನು ನಿಂತ ಬೆಳೆಯಿಂದ ಕೊಯ್ದ ಜಾಗಕ್ಕೆ ತರಲು ಒಂದೆರಡು ಕ್ಷಣ ಸಿಕ್ಕರೆ ತನ್ನಿ, ಸಿಗದಿದ್ದರೆ ಅಲ್ಲೇ ಇಂಜಿನ್ ಆರಿಸಿ ಇಳಿಯಿರಿ. ಇಂಜಿನ್ ಓಡುತ್ತಿದ್ದರೆ ಫ್ಯಾನು ಗಾಳಿ ಕೊಡುತ್ತದೆ, ಪಂಪು ಡೀಸೆಲ್ ಕೊಡುತ್ತದೆ. ಇಂಜಿನ್ನಿನ ಮುಚ್ಚಳವನ್ನು ಪೂರ್ತಿ ತೆರೆಯಬೇಡಿ, ಒಳಗೆ ಗಾಳಿ ನುಗ್ಗಿ ಉರಿ ಮುಖಕ್ಕೇ ಬರುತ್ತದೆ. ಸಂದಿನಿಂದ ಪೌಡರ್ ಹೊಡೆಯಿರಿ. ಗಾಳಿ ಬೆನ್ನಿಗಿರಲಿ, ಓಡಿಹೋಗುವ ದಾರಿ ತೆರೆದಿರಲಿ. ಎರಡು ಸಿಲಿಂಡರಿಗೂ ಬಗ್ಗದಿದ್ದರೆ ಮಷೀನು ಬಿಟ್ಟು ಹೊಲ ಉಳಿಸಿಕೊಳ್ಳಿ. ಬೆಂಕಿ ಹೋಗುವ ದಿಕ್ಕಿನಲ್ಲಿ, ಅದರಿಂದ ಸಾಕಷ್ಟು ದೂರದಲ್ಲಿ ಟ್ರಾಕ್ಟರಿನ ನೇಗಿಲಿನಿಂದ ನಾಲ್ಕು ಸಾಲು ಹೊಡೆದು ಮಣ್ಣು ಮೇಲೆ ತನ್ನಿ. ಕಾಳು ಸುರಿಯುವ ಪೈಪು ಜೋತ ಕರೆಂಟ್ ತಂತಿಗೆ ತಾಗಿದ್ದರೆ ಮಾತು ಬೇರೆ: ಬೆಂಕಿ ಇಲ್ಲದಿದ್ದರೆ ಇಳಿಯಲೇಬೇಡಿ. ಬೆಂಕಿ ಇದ್ದರೆ ಎರಡೂ ಕಾಲು ಜೋಡಿಸಿ ದೂರ ಹಾರಿ, ಮಷೀನನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬೇಡಿ, ಕಾಲು ಎತ್ತದೆ ಸರಿಯುತ್ತಾ ಹೋಗಿ.

ಗಾಳಿ ಜೋರಿದ್ದ ಮಧ್ಯಾಹ್ನ ಕೆಲಸ ನಿಲ್ಲಿಸುವುದು ಸೋಮಾರಿತನ ಅಲ್ಲ. ದಕ್ಷಿಣ ಆಸ್ಟ್ರೇಲಿಯಾದ ರೈತರು ಗಾಳಿ, ಬಿಸಿಲು, ತೇವ ಮೂರನ್ನೂ ಅಳೆದು, ಮಿತಿ ದಾಟಿದರೆ ಕಟಾವು ನಿಲ್ಲಿಸುವ ನಿಯಮಾವಳಿಯನ್ನೇ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಅಂಥದ್ದನ್ನು ಊರವರೇ ಕೂತು ಮಾಡಿಕೊಳ್ಳಬಹುದು.

ಇನ್ನೊಂದು ಮಾತು. ಫೋನು 101 ಅಥವಾ 112. ಆದರೆ ಪಂಜಾಬಿನ ಡ್ರೈವರ್‌ಗೆ ತಾನು ಯಾವ ಊರಿನ ಹೊಲದಲ್ಲಿದ್ದೇನೆ ಎಂದೇ ಗೊತ್ತಿರುವುದಿಲ್ಲ, ಅವನಿಗೆ ಕನ್ನಡವೂ ಬಾರದು, ಮರಾಠಿಯೂ ಬಾರದು. ಮಷೀನು ಹೊಲಕ್ಕೆ ಇಳಿಯುವ ಮುಂಚೆ ಊರು, ತಾಲೂಕು, ಗಟ್ ನಂಬರು (ಹೊಲದ ಸರ್ವೆ ನಂಬರು), ಯಾವ ರಸ್ತೆಯಿಂದ ಒಳಗೆ ಬರಬೇಕು, ನಿಮ್ಮ ಫೋನ್ ನಂಬರು, ಇಷ್ಟನ್ನು ಒಂದು ಚೀಟಿಯಲ್ಲಿ ಮರಾಠಿಯಲ್ಲೂ ಹಿಂದಿಯಲ್ಲೂ ಬರೆದು ಅವನ ಸ್ಟೇರಿಂಗ್ ಪಕ್ಕ ಅಂಟಿಸಿ.