ಎಲ್ಲಾ ಔಷಧಿ ಕೂಡಿಸಿ ಕೊಟ್ಟರೆ ಆಗಲ್ವಾ?

ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಮಗನ ಜೊತೆ ಹುಬ್ಬಳ್ಳಿಗೆ ತೋರಿಸಲು ಬಂದಿದ್ದರು. ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹರಡಿತ್ತು. ಮಗ ಮೊಬೈಲಿನಲ್ಲಿ ಔಷಧಿಗಳ ಪಟ್ಟಿ ತೆಗೆದು, ‘ಸರ, ರೊಕ್ಕದ ಚಿಂತಿ ಬ್ಯಾಡ್ರಿ, ಇಷ್ಟೂ ಕೂಡಿಸಿ ಕೊಟ್ಟಬಿಡ್ರಿ’ ಎಂದ.

ಕೂಡಿಸಿ ಕೊಡುವುದು ಹೊಸದೇನಲ್ಲ. ಫ್ಲೂರೋಯುರಾಸಿಲ್ ಕ್ಯಾನ್ಸರ್ ಕೋಶ ಹೊಸ ಡಿಎನ್‌ಎ ಕಟ್ಟದಂತೆ ತಡೆಯುತ್ತದೆ, ಆಕ್ಸಾಲಿಪ್ಲಾಟಿನ್ ಇದ್ದ ಡಿಎನ್‌ಎಯನ್ನೇ ಕೆಡಿಸುತ್ತದೆ. ಇಷ್ಟು ಹೇಳುವಷ್ಟರಲ್ಲಿ ಸುಮ್ನೆ ಕೂತಿದ್ದ ಅಪ್ಪ ಕೇಳಿದರು: ‘ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಗುಂಟೂರು, ಹಂಗ ಏನ್ರಿ?’ ಹೌದು, ಹಾಗೆಯೇ. ಆದರೆ ಖಾರದಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಬಹುದು, ಇದನ್ನು ಹಾಗೆ ನೋಡಲು ಬರುವುದಿಲ್ಲ. ಅದಕ್ಕೇ ಟ್ರಯಲ್ ಬೇಕು, ಅಂದರೆ ರೋಗಿಗಳನ್ನು ಗುಂಪು ಮಾಡಿ ಚಿಕಿತ್ಸೆಗಳನ್ನು ಹೋಲಿಸಿ ನೋಡುವುದು.

ನೆದರ್‌ಲೆಂಡ್ಸ್‌ನಲ್ಲಿ ಇದೇ ಕ್ಯಾನ್ಸರ್ ಹರಡಿದ್ದ 755 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಕೈರೋ-2 ಟ್ರಯಲ್ ನೋಡಿ. ಎಲ್ಲರಿಗೂ ಕ್ಯಾಪೆಸಿಟಬಿನ್, ಆಕ್ಸಾಲಿಪ್ಲಾಟಿನ್, ಬೆವಾಸಿಜುಮ್ಯಾಬ್ ಕೊಟ್ಟು, ಅರ್ಧ ಜನಕ್ಕೆ ನಾಲ್ಕನೆಯದಾಗಿ ಸೆಟುಕ್ಸಿಮ್ಯಾಬ್ ಸೇರಿಸಿದರು, ಒಂಟಿಯಾಗಿಯೂ ಕೆಲಸ ಮಾಡುವ ಒಳ್ಳೆಯ ಔಷಧಿಯೇ ಅದು. ಮೂರು ಔಷಧಿಯವರಲ್ಲಿ ರೋಗ ಸುಮಾರು 10.7 ತಿಂಗಳು ಹತೋಟಿಯಲ್ಲಿತ್ತು, ನಾಲ್ಕರವರಲ್ಲಿ 9.4. ಗಡ್ಡೆಯಲ್ಲಿ ಕೆಆರ್‌ಎಎಸ್ ಜೀನ್ ಬದಲಾಗಿದ್ದವರಿಗಂತೂ 12.5 ಇದ್ದದ್ದು 8.1ಕ್ಕೆ ಇಳಿಯಿತು! ಸೆಟುಕ್ಸಿಮ್ಯಾಬ್ ಕೋಶದ ಹೊರಗಿನ ಸ್ವಿಚ್ ಆರಿಸುತ್ತದೆ, ಇವರಲ್ಲಿ ಒಳಗಿನ ಸ್ವಿಚ್ಚೇ ಆನ್ ಆಗಿ ಸಿಕ್ಕಿಹಾಕಿಕೊಂಡಿರುತ್ತದೆ. ಕೆಆರ್‌ಎಎಸ್ ಟೆಸ್ಟ್‌ನ ರಿಪೋರ್ಟ್ ಬರುವ ತನಕ ಆ ಔಷಧಿ ಬರೆಯಬಾರದು ಅನ್ನುವವನು ನಾನು, ಮನೆಯವರು ಎಷ್ಟೇ ಅವಸರ ಮಾಡಲಿ.

ಜೋಡಿ ಸರಿಯಾದರೆ ಲೆಕ್ಕ ಬೇರೆ. 2023ರ ಸನ್‌ಲೈಟ್ ಟ್ರಯಲ್‌ನಲ್ಲಿ, ಮೊದಲ ಚಿಕಿತ್ಸೆಗಳು ಮುಗಿದಿದ್ದ 492 ರೋಗಿಗಳಲ್ಲಿ ಟ್ರೈಫ್ಲುರಿಡಿನ್-ಟಿಪಿರಾಸಿಲ್ ಮಾತ್ರೆಗೆ ಬೆವಾಸಿಜುಮ್ಯಾಬ್ ಸೇರಿಸಿದಾಗ ಆಯುಷ್ಯ 7.5 ತಿಂಗಳಿಂದ 10.8ಕ್ಕೆ ಹೋಯಿತು. ಇವೆರಡೂ ನಡುವಿನ ಅಂಕಿ, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಜನ ಕಡಿಮೆ. ಮೂರು ತಿಂಗಳು ಏನು ಮಹಾ ಅನ್ನಬೇಡಿ, ಮಗಳ ಮದುವೆ ಗೊತ್ತಾದ ಮನೆಯವರನ್ನು ಕೇಳಿ.

‘ನಮ್ಮ ಮ್ಯಾಲೆ ಪ್ರಯೋಗ ಮಾಡ್ತೀರೇನ್ರಿ?’ ಎಂದೂ ಅಪ್ಪ ಕೇಳಿದರು. ಇಂಥ ಟ್ರಯಲ್‌ನಲ್ಲಿ ಹೊಸ ಜೋಡಿ ಸಿಗದ ಗುಂಪಿಗೂ ಆಗ ಚಾಲ್ತಿಯಲ್ಲಿರುವ ಚಿಕಿತ್ಸೆ ಸಿಗುತ್ತದೆ, ಸಹಿ ಹಾಕಿದ ಮೇಲೂ ಹೊರಗೆ ಬರಬಹುದು.

ಇವರ ರಿಪೋರ್ಟ್‌ನಲ್ಲಿ ಕೆಆರ್‌ಎಎಸ್ ಬದಲಾಗಿತ್ತು. ಸೆಟುಕ್ಸಿಮ್ಯಾಬ್ ಬಿಟ್ಟೆವು. ಮೂರನೇ ಸೈಕಲ್‌ಗೆ, ಅಂದರೆ ಔಷಧಿಯ ಮೂರನೇ ಸುತ್ತಿಗೆ ಬಂದಾಗ ಸ್ಟೀಲ್ ಲೋಟ ಮುಟ್ಟಿದರೆ ಕರೆಂಟ್ ಹೊಡೆದಂಗಾಗುತ್ತದೆ ಅಂದರು. ಅದು ಆಕ್ಸಾಲಿಪ್ಲಾಟಿನ್ ಕೆಲಸ, ತಂಪು ಅದಕ್ಕೆ ಆಗದು, ಬಿಸಿನೀರು ಕುಡಿಯಲು ಹೇಳಿದೆ. ಎರಡು ಸೈಕಲ್ ನಡುವೆಯೂ ಜೋಮು ಹೋಗದಿದ್ದರೆ ಅದೊಂದನ್ನು ಕಡಿಮೆ ಮಾಡುತ್ತೇವೆ ಇಲ್ಲವೇ ನಿಲ್ಲಿಸುತ್ತೇವೆ, ಉಳಿದವು ನಡೆಯುತ್ತವೆ.