ಲೈನರ್: ಹಡಗಿಗಲ್ಲ, ಹಾದಿಗೆ ಸಲ್ಲುವ ಹೆಸರು

ಪ್ರತಿ ವರ್ಷ ಏಪ್ರಿಲ್ ತಿಂಗಳ ನಡುವಿನಲ್ಲಿ, ಟೈಟಾನಿಕ್ ಮುಳುಗಿದ ದಿನವನ್ನು ನೆನೆಯುವ ಬರಹಗಳಲ್ಲಿ ‘ಐಷಾರಾಮಿ ಕ್ರೂಸ್ ಹಡಗು’ ಎಂಬ ಮಾತು ತಪ್ಪದೆ ಹಾಜರಾಗುತ್ತದೆ. ಟೈಟಾನಿಕ್ ವಿಹಾರಕ್ಕೆ ಸುತ್ತಾಡಿಸುವ ಕ್ರೂಸ್ ಹಡಗಲ್ಲ, ಲೈನರ್. ಈ ಸಲ ಒಂದೇ ವಾರದಲ್ಲಿ ಅದನ್ನು ನಾಲ್ಕು ಕಡೆ ಓದಿದೆ. ನಾಲ್ಕನೆಯವರು ಯಾರನ್ನೂ ನೋಯಿಸಬಾರದೆಂದೋ ಏನೋ ‘ಕ್ರೂಸ್ ಲೈನರ್’ ಎಂದು ಎರಡನ್ನೂ ಸೇರಿಸಿ ಬರೆದಿದ್ದರು. ರೂಟ್ ಬಸ್ಸಿಗೂ ಮದುವೆ ದಿಬ್ಬಣಕ್ಕೆಂದು ಗೊತ್ತುಮಾಡಿದ ಬಸ್ಸಿಗೂ ಇರುವ ವ್ಯತ್ಯಾಸವನ್ನು ನಾವು ಯಾರೂ ಮರೆಯುವುದಿಲ್ಲ. ಮೊದಲನೆಯದು ಜನ ತುಂಬಿದರೂ ತುಂಬದಿದ್ದರೂ ಹೊತ್ತಿಗೆ ಸರಿಯಾಗಿ ಹೊರಡಬೇಕು, ಹೇಳಿದ ಊರು ಮುಟ್ಟಬೇಕು. ಎರಡನೆಯದು ಕರೆದಾಗ ಬಂದು, ಹೋಗೆಂದಲ್ಲಿಗೆ ಹೋಗಿ, ಹತ್ತಿಸಿಕೊಂಡವರನ್ನು ಹತ್ತಿಸಿಕೊಂಡಲ್ಲೇ ತಂದು ಇಳಿಸುತ್ತದೆ. ಲೈನರ್ ರೂಟ್ ಬಸ್ಸಿನ ಜಾತಿಯದು, ಕ್ರೂಸ್ ಹಡಗು ದಿಬ್ಬಣದ ಬಸ್ಸಿನ ಜಾತಿಯದು. ಇಷ್ಟು ಸರಳವಾದ ಅಂತರ ನೀರಿಗಿಳಿದೊಡನೆ ಕರಗಿಹೋಗುವುದೇಕೆಂದು ನನಗೆ ತಿಳಿಯದು.

ಇಲ್ಲಿನ ‘ಲೈನ್’ ಹಡಗಿನ ಮೈಮಾಟಕ್ಕೆ ಸಂಬಂಧಿಸಿದ್ದಲ್ಲ. ಲ್ಯಾಟಿನ್ನಿನಲ್ಲಿ ‘ಲಿನುಮ್’ ಎಂದರೆ ಅಗಸೆ, ‘ಲಿನೆಯ’ ಎಂದರೆ ಅಗಸೆ ನಾರಿನಿಂದ ಹೊಸೆದ ನೂಲು. ನೂಲನ್ನು ಬಿಗಿದು ಹಿಡಿದರೆ ನೇರವಾದ ಗೆರೆ ಸಿಗುತ್ತದೆ; ಗಾರೆಯವರು ಇಂದಿಗೂ ಗೋಡೆಯ ನೇರ ನೋಡುವುದು ದಾರ ಕಟ್ಟಿಯೇ. ಹೀಗೆ ನೂಲಿನ ಹೆಸರು ಗೆರೆಗೆ ದಾಟಿತು, ಗೆರೆಯ ಹೆಸರು ಎರಡು ಊರುಗಳ ನಡುವೆ ಗೊತ್ತಾದ ಹಾದಿಗೆ ದಾಟಿತು, ಹಾದಿಯ ಹೆಸರು ಆ ಹಾದಿಯಲ್ಲಿ ಕ್ರಮ ತಪ್ಪದೆ ವಾಹನ ಓಡಿಸುವ ಸಂಸ್ಥೆಗೆ ಅಂಟಿತು. ಅಂಥ ಸಂಸ್ಥೆಯ ಹಡಗು ಲೈನರ್ ಎನಿಸಿತು. ಕನ್ನಡದಲ್ಲಿ ದಾರ, ದಾರಿ ಎಂಬೆರಡು ಪದಗಳು ಒಂದು ಗುಣಿತದ ಅಂತರದಲ್ಲಿ ನಿಂತಿವೆ. ಅವೆರಡಕ್ಕೂ ನಂಟು ಕಲ್ಪಿಸುವ ಸಾಹಸಕ್ಕೆ ನಾನು ಇಳಿಯುವುದಿಲ್ಲವಾದರೂ, ಅರ್ಥ ನೆನಪಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ. ದರ್ಜಿ ಕೋಟಿನ ಒಳಮೈಗೆ ಹೊಲಿಯುವ ಲೈನಿಂಗೂ ಇಂಜಿನ್ನಿನ ಸಿಲಿಂಡರಿನೊಳಗೆ ಕೂರಿಸುವ ಲೈನರೂ ಅದೇ ಅಗಸೆಯ ಸಂತಾನವೇ, ಆದರೆ ಅವು ಲಿನನ್ ಬಟ್ಟೆಯ ಕವಲಿಗೆ ಸೇರಿದವು. ಬಟ್ಟೆಯನ್ನು ಒಳಗೆ ಹಾಸುವ ಕೆಲಸದಿಂದ ಬಂದವು. ನಮ್ಮ ಹಡಗು ನೂಲಿನ ಕವಲಿನದು.

ಇನ್ನೊಂದು ಗೊಂದಲವೂ ಉಂಟು. ಹಾಯಿಹಡಗುಗಳ ಕಾಲದ ನೌಕಾಯುದ್ಧದಲ್ಲಿ ದೊಡ್ಡ ಫಿರಂಗಿ ಹಡಗುಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತು ಕಾದುತ್ತಿದ್ದವು, ಅಂಥ ಸಾಲಿಗೆ ತಕ್ಕ ಹಡಗಿನ ಹೆಸರಿನಲ್ಲೂ ಈ ‘ಲೈನ್’ ಇತ್ತು. ಅದನ್ನೇ ಹಿಡಿದು, ಪ್ರಯಾಣಿಕರ ಲೈನರಿಗೂ ಯುದ್ಧದ ಸಾಲಿನಿಂದಲೇ ಹೆಸರು ಬಂತೆಂದು ವಿವರಿಸುವವರಿದ್ದಾರೆ. ಅದು ಸಾಲು, ಇದು ದಾರಿ. ವಿಷಯ ಅಲ್ಲಿಗೆ ಮುಗಿಯಿತು.

ಹೆಚ್ಚಿನವರು ಎಡವುವುದು ಮುಂದಿನ ಸಂಗತಿಯಲ್ಲಿ: ಅಟ್ಲಾಂಟಿಕ್ ಸಾಗರದ ಮೇಲೆ ಈ ‘ಲೈನ್’ ಹುಟ್ಟಿದ್ದು ಉಗಿಯಿಂದಲ್ಲ, ಹಾಯಿಯಿಂದ. 1818ರ ಜನವರಿ 5ರಂದು, ಹಿಮ ಬೀಳುತ್ತಿದ್ದ ನ್ಯೂಯಾರ್ಕ್ ಬಂದರಿನಿಂದ ಜೇಮ್ಸ್ ಮನ್ರೋ ಎಂಬ ಹಾಯಿಹಡಗು ಲಿವರ್‌ಪೂಲಿಗೆ ಹೊರಟಿತು. ಅದರಲ್ಲಿ ಬೆರಳೆಣಿಕೆಯ ಪ್ರಯಾಣಿಕರಿದ್ದರು, ಸರಕು ಪೂರ್ತಿ ತುಂಬಿರಲಿಲ್ಲ, ಹವೆಯೂ ಅನುಕೂಲವಾಗಿರಲಿಲ್ಲ, ಆದರೂ ಹೊರಟಿತು. ಏಕೆಂದರೆ ಆ ದಿನ ಹೊರಡುವುದೆಂದು ಹಿಂದಿನ ವರ್ಷವೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗಿತ್ತು. ಅದುವರೆಗೆ ಸಾಗರ ದಾಟಬೇಕಾದವರು ಬಂದರಿನ ವಸತಿಗೃಹದಲ್ಲಿ ಬಾಡಿಗೆ ತೆರುತ್ತ, ಕಪ್ತಾನನ ಸರಕು ತುಂಬುವ ತನಕ, ಆಮೇಲೆ ಗಾಳಿ ತಿರುಗುವ ತನಕ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕಿತ್ತು. ಬ್ಲ್ಯಾಕ್ ಬಾಲ್ ಲೈನ್ ಎಂದು ಹೆಸರಾದ ಆ ಸಂಸ್ಥೆಯನ್ನು ಕಟ್ಟಿದವರು ಬಟ್ಟೆಯ ವ್ಯಾಪಾರಿಗಳು. ಇಂಗ್ಲೆಂಡಿನ ಜವಳಿ ಇಂಥ ತಿಂಗಳು ಅಂಗಡಿ ಸೇರುತ್ತದೆಂಬ ಭರವಸೆ ಅವರಿಗೆ ಬೇಕಿತ್ತೇ ಹೊರತು ನೃತ್ಯಶಾಲೆಯಾಗಲಿ ಈಜುಕೊಳವಾಗಲಿ ಅಲ್ಲ. ಎಂದು ಮುಟ್ಟುತ್ತೇವೆಂದು ಅವರು ಮಾತು ಕೊಡಲಿಲ್ಲ, ಗಾಳಿಯ ಮೇಲೆ ಯಾರ ಅಧಿಕಾರವೂ ನಡೆಯದು. ಎಂದು ಹೊರಡುತ್ತೇವೆಂದು ಮಾತ್ರ ಕೊಟ್ಟರು. ಲೈನರ್ ಎಂಬ ಪದದ ಇಡೀ ತಿರುಳು ಆ ಮಾತಿನಲ್ಲಿದೆ.

ಮುಟ್ಟುವ ದಿನವನ್ನೂ ಹೇಳಲು ಸಾಧ್ಯವಾಗಿಸಿದ್ದು ಉಗಿ. 1838ರ ಏಪ್ರಿಲ್‌ನಲ್ಲಿ ಸಿರಿಯಸ್ ಎಂಬ ಪುಟ್ಟ ಉಗಿಹಡಗು ಐರ್ಲೆಂಡಿನ ಕಾರ್ಕ್‌ನಿಂದ ಹೊರಟು ನ್ಯೂಯಾರ್ಕ್ ತಲುಪಿದ ಮರುದಿನವೇ, ನಾಲ್ಕು ದಿನ ತಡವಾಗಿ ಬ್ರಿಸ್ಟಲ್‌ನಿಂದ ಹೊರಟಿದ್ದ, ಇಂಜಿನಿಯರ್ ಬ್ರುನೆಲ್ ರೂಪಿಸಿದ ಗ್ರೇಟ್ ವೆಸ್ಟರ್ನ್ ಕೂಡ ತಲುಪಿತು. ಕಲ್ಲಿದ್ದಲು ತೀರಿ ಸಿರಿಯಸ್ಸಿನವರು ಮೇಜುಕುರ್ಚಿ ಸುಟ್ಟರೆಂಬ ಕಥೆ ಬಲು ಜನಪ್ರಿಯ. ಅವರು ಒಲೆಗೆ ಹಾಕಿದ್ದು ಸರಕಿನಲ್ಲಿದ್ದ ರಾಳದ ಪೀಪಾಯಿಗಳನ್ನು. ಗ್ರೇಟ್ ವೆಸ್ಟರ್ನ್‌ನ ಒಡಲಿನಲ್ಲಾದರೋ ಇನ್ನೂ 200 ಟನ್ನಿನಷ್ಟು ಕಲ್ಲಿದ್ದಲು ಉಳಿದಿತ್ತು. ಮುಂದಿನ ಎಂಟು ವರ್ಷಗಳಲ್ಲಿ ಅದು 45 ಸಲ ಸಾಗರ ದಾಟಿ ಹಿಂತಿರುಗಿತು. ಇಷ್ಟಾದರೂ ಬ್ರಿಟಿಷ್ ಸರ್ಕಾರದ ಟಪಾಲಿನ ಗುತ್ತಿಗೆ ದಕ್ಕಿದ್ದು ಅದಕ್ಕಲ್ಲ, ಇಂದಿನ ಕೆನಡಕ್ಕೆ ಸೇರಿದ ಹ್ಯಾಲಿಫ್ಯಾಕ್ಸ್‌ನ ಸ್ಯಾಮ್ಯುಯೆಲ್ ಕ್ಯುನಾರ್ಡ್‌ಗೆ. ಒಂದೇ ಹಡಗು, ಅದು ಎಷ್ಟೇ ಸಮರ್ಥವಾಗಿದ್ದರೂ, ಲೈನ್ ಆಗಲಾರದು: ಅದು ಅತ್ತ ಹೋದಾಗ ಇತ್ತ ಯಾರೂ ಇರುವುದಿಲ್ಲ. ಕ್ಯುನಾರ್ಡ್ ಒಂದೇ ಅಚ್ಚಿನ ನಾಲ್ಕು ಹಡಗುಗಳನ್ನು ಕಟ್ಟಿಸಿದ; ಅವುಗಳಲ್ಲಿ ಮೊದಲನೆಯದಾದ ಬ್ರಿಟಾನಿಯ 1840ರ ಜುಲೈ 4ರಂದು ಲಿವರ್‌ಪೂಲಿನಿಂದ ಹ್ಯಾಲಿಫ್ಯಾಕ್ಸ್ ಮಾರ್ಗವಾಗಿ ಬಾಸ್ಟನ್ನಿಗೆ ಹೊರಟಿತು. ಮುಂದೆ ಇಂಥ ಹಡಗುಗಳ ಹೆಸರಿಗೆ ಮೊದಲು ಕೂತ ‘ಆರ್‌ಎಂಎಸ್’ ಎಂಬ ಮೂರಕ್ಷರದ ಅರ್ಥ ರಾಜಟಪಾಲಿನ ಹಡಗು ಎಂದು. ಟೈಟಾನಿಕ್‌ನಲ್ಲೂ 3,000ಕ್ಕೂ ಹೆಚ್ಚು ಟಪಾಲು ಚೀಲಗಳಿದ್ದವು, ಅವುಗಳನ್ನು ವಿಂಗಡಿಸಲು ಐವರು ಅಂಚೆ ಗುಮಾಸ್ತರಿದ್ದರು, ಐವರೂ ಸತ್ತರು. ಟಪಾಲು ಹೊತ್ತೊಯ್ಯುವ ಕ್ರೂಸ್ ಹಡಗನ್ನು ನಾನಂತೂ ಕಂಡಿಲ್ಲ.

ಹಡಗಿನ ಗಾತ್ರವೂ ವೇಗವೂ ಬಹುಮಟ್ಟಿಗೆ ವೇಳಾಪಟ್ಟಿಯ ಲೆಕ್ಕದಿಂದ ಬಂದವೆಂಬುದನ್ನು ಈಗ ಯಾರೂ ನೆನೆಯುವುದಿಲ್ಲ. 21–22 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದ ಹಡಗು ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೋಗಿ, ಇಳಿಸಿ, ಕಲ್ಲಿದ್ದಲು ತುಂಬಿ, ಹಿಂತಿರುಗಿ, ಮತ್ತೆ ಅಣಿಯಾಗಲು ಸುಮಾರು ಮೂರು ವಾರ ಬೇಕು. ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ಹೊರಡಬೇಕಾದರೆ ಸರಿಸಮನಾದ ಮೂರು ಹಡಗುಗಳು ಬೇಕು. ವೈಟ್ ಸ್ಟಾರ್ ಲೈನ್ ಒಲಿಂಪಿಕ್, ಟೈಟಾನಿಕ್, ಬ್ರಿಟಾನಿಕ್ ಎಂಬ ಮೂರನ್ನು ಬೆಲ್‌ಫಾಸ್ಟಿನಲ್ಲಿ ಕಟ್ಟಿಸಿದ್ದು ಈ ಲೆಕ್ಕಕ್ಕಾಗಿ. ಕ್ಯುನಾರ್ಡ್ ಸಂಸ್ಥೆ ಮುಂದೆ ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿತು: ವೇಗವನ್ನು ಸುಮಾರು 28½ ನಾಟಿಗೆ ಏರಿಸಿದರೆ ಮೂರರ ಕೆಲಸವನ್ನು ಎರಡೇ ಹಡಗುಗಳು ಮಾಡಬಲ್ಲವು. 1936ರಲ್ಲಿ ಸಂಚಾರ ಆರಂಭಿಸಿದ ಕ್ವೀನ್ ಮೇರಿ ಆ ಜೋಡಿಯಲ್ಲೊಂದು. ಅದರ ಜೊತೆಗಾತಿ ಕ್ವೀನ್ ಎಲಿಜಬೆತ್ ಸಿದ್ಧವಾಗುವ ಹೊತ್ತಿಗೆ ಯುದ್ಧ ಬಂದು ಎರಡೂ ಸೈನಿಕರನ್ನು ಹೊತ್ತವು. ಎರಡೇ ಹಡಗುಗಳ ವಾರದ ಸೇವೆ ನಿಜವಾಗಿ ಕೈಗೂಡಿದ್ದು 1947ರಲ್ಲಿ.

ಲೈನರ್ ಎಂದರೇನೆಂದು ತೋರಿಸಲು ಟೈಟಾನಿಕ್ ಅಷ್ಟು ಒಳ್ಳೆಯ ಉದಾಹರಣೆಯೂ ಅಲ್ಲ. ಒಮ್ಮೆಯೂ ಗುರಿ ಮುಟ್ಟದ ಹಡಗಿನಿಂದ ಕ್ರಮಬದ್ಧ ಸಂಚಾರದ ಅರ್ಥ ತಿಳಿಯುವುದೆಂತು? ನೋಡಬೇಕಾದದ್ದು ಅದರ ಅಕ್ಕನಾದ ಒಲಿಂಪಿಕ್ಕನ್ನು. 1911ರ ಜೂನ್ 14ರಂದು ಮೊದಲ ಯಾನಕ್ಕೆ ಹೊರಟ ಅದು ಅದೇ ಸೆಪ್ಟೆಂಬರ್ 20ರಂದು ಹಾಕ್ ಎಂಬ ಯುದ್ಧನೌಕೆಯೊಡನೆ ಡಿಕ್ಕಿಯಾಗಿ ಬೆಲ್‌ಫಾಸ್ಟಿಗೆ ಮರಳಿತು. ಅದರ ದುರಸ್ತಿಗೆ ಆಳುಗಳನ್ನು ಹೊರಳಿಸಿದ್ದರಿಂದ ಟೈಟಾನಿಕ್‌ನ ಮೊದಲ ಯಾನ ಮಾರ್ಚ್ 20ರಿಂದ ಏಪ್ರಿಲ್ 10ಕ್ಕೆ ಮುಂದೆ ಹೋಯಿತು. ತಂಗಿ ಮುಳುಗಿದ ಹತ್ತೇ ದಿನದಲ್ಲಿ, ಹೊಸದಾಗಿ ತಂದಿಟ್ಟ ಮಡಿಸುವ ಜೀವರಕ್ಷಕ ದೋಣಿಗಳು ಕೆಲಸಕ್ಕೆ ಬಾರವೆಂದು ಒಲಿಂಪಿಕ್‌ನ ಬೆಂಕಿಮನೆಯ ಆಳುಗಳು ಹಡಗು ಬಿಟ್ಟಿಳಿದರು. ಆ ಯಾನ ರದ್ದಾಯಿತು, ಹೊರಡುವ ದಿನದ ಮಾತು ತಪ್ಪಿತು. ಮುಂದೆ ಅದಕ್ಕೆ ಒಳಗೋಡೆಯಾಗಿ ಇನ್ನೊಂದು ಉಕ್ಕಿನ ಹೊದಿಕೆ ಬಂತು, ದೋಣಿಗಳು ಹೆಚ್ಚಿದವು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಹೊತ್ತ ಅದು 1918ರ ಮೇ 12ರಂದು ಜರ್ಮನಿಯ ಯು-103 ಎಂಬ ಜಲಾಂತರ್ಗಾಮಿಯ ಮೇಲೆ ಹಾಯ್ದು ಮುಳುಗಿಸಿತು. ಯುದ್ಧ ಮುಗಿದ ಮೇಲೆ ಕಲ್ಲಿದ್ದಲಿನ ಬದಲು ಎಣ್ಣೆ ಉರಿಸತೊಡಗಿತು. ದಿನಗಟ್ಟಲೆ ಹಿಡಿಯುತ್ತಿದ್ದ ಇಂಧನ ತುಂಬುವ ಕೆಲಸ ಗಂಟೆಗಳಿಗಿಳಿಯಿತು. 1934ರ ಮೇ 15ರಂದು ಮಂಜಿನಲ್ಲಿ, ದೀಪಸ್ತಂಭದಂತೆ ಕಡಲಲ್ಲೇ ನಿಂತು ದಾರಿ ತೋರುವ ನಾಂಟುಕೆಟ್ ದೀಪದ ಹಡಗಿಗೆ ಗುದ್ದಿ ಅದರ ಸಿಬ್ಬಂದಿಯಲ್ಲಿ ಏಳು ಮಂದಿಯ ಸಾವಿಗೆ ಕಾರಣವಾಯಿತು. ಮರುವರ್ಷ ಗುಜರಿಗೆ ಹೋಯಿತು. ಈ ಘಟನೆಗಳ ನಡುವೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅದು 250ಕ್ಕೂ ಹೆಚ್ಚು ಸಲ ಅಟ್ಲಾಂಟಿಕ್ ದಾಟಿ ಮರಳಿತೆಂಬುದನ್ನು ಯಾರೂ ಹೇಳುವುದಿಲ್ಲ. ಸುದ್ದಿಯಾಗದ ಆ ಯಾನಗಳೇ ಲೈನರಿನ ನಿಜವಾದ ಕಸುಬು.

‘ಐಷಾರಾಮಿ’ ಎಂಬ ವಿಶೇಷಣದ ಬಗೆಗೂ ಒಂದು ಮಾತು. ಟೈಟಾನಿಕ್‌ನ ಸುಮಾರು 1,300 ಪ್ರಯಾಣಿಕರಲ್ಲಿ 700ರಷ್ಟು ಜನ ಮೂರನೆಯ ದರ್ಜೆಯವರು, ಬಹುತೇಕ ಊರು ಬಿಟ್ಟು ಹೊಸ ನಾಡಿಗೆ ಬದುಕು ಹುಡುಕಿ ಹೊರಟವರು. ಅವರು ವಿಹಾರಕ್ಕೆ ಬಂದಿರಲಿಲ್ಲ. ಹಲವರ ಬಳಿ ಹಿಂತಿರುಗುವ ಟಿಕೆಟೂ ಇರಲಿಲ್ಲ. ವಲಸಿಗರೇ ಈ ದಂಧೆಗೆ ಎಷ್ಟರಮಟ್ಟಿಗೆ ಆಧಾರವಾಗಿದ್ದರೆಂದರೆ, 1921 ಮತ್ತು 1924ರ ಕಾಯಿದೆಗಳಿಂದ ಅಮೆರಿಕ ವಲಸೆಗೆ ಮಿತಿ ಹಾಕಿದಾಗ ಲೈನರ್ ಕಂಪನಿಗಳು ಕಂಗಾಲಾಗಿ, ಅದೇ ಕೋಣೆಗಳಿಗೆ ಬಣ್ಣ ಬಳಿದು ‘ಪ್ರವಾಸಿ ದರ್ಜೆ’ ಎಂದು ಮಾರಬೇಕಾಯಿತು. ಲೈನರುಗಳು ಬಿಡುವಿನ ತಿಂಗಳುಗಳಲ್ಲಿ ಕ್ರೂಸಿಗೆ ಹೆಚ್ಚು ಹೆಚ್ಚಾಗಿ ಇಳಿದದ್ದೂ ಈ ಬಡತನದಿಂದಲೇ. ಇಪ್ಪತ್ತು ವರ್ಷ ವೇಗದ ದಾಖಲೆಯನ್ನು ಬಿಟ್ಟುಕೊಡದಿದ್ದ ಮಾರಿಟೇನಿಯ ಎಂಬ ಲೈನರ್ ಮುದಿತನದಲ್ಲಿ ಬಿಳಿ ಬಣ್ಣ ಬಳಿಸಿಕೊಂಡು ಬಿಸಿಲು ನಾಡಿನ ವಿಹಾರಕ್ಕೆ ಜನರನ್ನು ಕರೆದೊಯ್ಯಬೇಕಾಯಿತು.

‘ಕ್ರೂಸ್’ ಪದದ ಹುಟ್ಟಿನಲ್ಲಿ ಒಂದು ತಮಾಷೆಯಿದೆ. ಅದರ ಮೂಲ ಡಚ್ ಭಾಷೆಯ ‘ಕ್ರೊಯ್ಸನ್’; ಶಿಲುಬೆಯಾಕಾರದಲ್ಲಿ ಅಡ್ಡಡ್ಡ ಹಾಯುವುದು, ಅತ್ತಿಂದಿತ್ತ ಸುತ್ತುವುದು ಎಂದರ್ಥ. ಕಡಲಲ್ಲಿ ಶತ್ರುವಿಗಾಗಿ ಗಸ್ತು ತಿರುಗುವ ಯುದ್ಧನೌಕೆಗೆ ಕ್ರೂಸರ್ ಎಂಬ ಹೆಸರು ಬಂದದ್ದು ಅದರಿಂದ. ‘ಅಡ್ಡ ಹಾಯುವ’ ಅರ್ಥದ ಪದ ಎಲ್ಲಿಗೂ ಹೋಗದೆ ಸುತ್ತಿ ಬರುವ ಹಡಗಿನ ಪಾಲಾಯಿತು. ನಿಜವಾಗಿ ಸಾಗರವನ್ನು ಅಡ್ಡ ಹಾಯುತ್ತಿದ್ದ ಹಡಗು ನೂಲಿನ ಹೆಸರು ಹೊತ್ತಿತು. ಕನ್ನಡದಲ್ಲಿ ಕ್ರೂಸಿಗೆ ‘ವಿಹಾರನೌಕೆ’ ಎಂಬ ಒಳ್ಳೆಯ ಮಾತು ಇದ್ದೇ ಇದೆ. ಲೈನರಿಗೆ ಲೈನರ್ ಎಂದೇ ಬರೆದರೆ ಸಾಕು. ‘ಭವ್ಯನೌಕೆ’, ‘ಮಹಾನೌಕೆ’ ಎಂದೆಲ್ಲ ಗಾತ್ರವನ್ನು ಹೊಗಳುವ ಅನುವಾದಗಳು ಅರ್ಥವನ್ನು ಮತ್ತಷ್ಟು ಕೆಡಿಸುತ್ತವೆ. ಕನ್ನಡವೇ ಬೇಕೆಂದು ಹಟವಿದ್ದವರು ‘ಹಾದಿಹಡಗು’ ಎನ್ನಲಿ, ನನ್ನ ತಕರಾರಿಲ್ಲ.

ಈ ಪದ ಈಗ ಹೆಚ್ಚು ಬದುಕಿರುವುದು ಆಕಾಶದಲ್ಲಿ. 1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಸೇವೆ ಆರಂಭವಾದ ಮೇಲೆ ಹಡಗಿನ ಲೈನುಗಳು ಒಂದೊಂದಾಗಿ ಕಣ್ಮುಚ್ಚಿದವು. ಗೊತ್ತಾದ ಹಾದಿ, ಗೊತ್ತಾದ ಹೊತ್ತು, ಆಸನ ಖಾಲಿಯಿದ್ದರೂ ಹೊರಡುವ ಕಟ್ಟುಪಾಡು ಎಲ್ಲವನ್ನೂ ಹೆಸರಿನ ಸಮೇತ ಏರ್‌ಲೈನುಗಳು ವಹಿಸಿಕೊಂಡವು. ಕಡಲಿನಲ್ಲಿ ಉಳಿದಿರುವುದು 2004ರಲ್ಲಿ ಸಂಚಾರ ಆರಂಭಿಸಿದ ಕ್ವೀನ್ ಮೇರಿ 2 ಒಂದೇ. ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ ಅಲೆಗಳನ್ನು ತಡೆಯಲೆಂದು ಅದರ ಮುಂಭಾಗ ಉದ್ದವಾಗಿ ಚೂಪಾಗಿದೆ, ಮೈಯ ಉಕ್ಕು ದಪ್ಪವಾಗಿದೆ, ವೇಗ 30 ನಾಟ್ ಸಮೀಪಿಸುತ್ತದೆ. ಬಾಲ್ಕನಿಗಳನ್ನು ಪೇರಿಸಿದ ವಸತಿ ಸಮುಚ್ಚಯದಂತೆ ಕಾಣುವ ವಿಹಾರನೌಕೆಗಳಿಗೆ ಇವು ಯಾವುವೂ ಅಷ್ಟಾಗಿ ಬೇಕಿಲ್ಲ. ಅದೂ ವರ್ಷದ ಕೆಲವು ತಿಂಗಳು ಲೋಕ ಸುತ್ತುವ ಕ್ರೂಸಿಗೆ ಹೊರಡುತ್ತದೆ, ಉಳಿದ ತಿಂಗಳುಗಳಲ್ಲಿ ಸೌತಾಂಪ್ಟನ್–ನ್ಯೂಯಾರ್ಕ್ ನಡುವೆ ಓಡಾಡುತ್ತದೆ. ಹಾಗಾಗಿ ಅದರ ಚಿತ್ರದ ಕೆಳಗೆ ಯಾವ ಪದ ಬರೆಯಬೇಕೆಂದು ನಿರ್ಧರಿಸುವ ಮೊದಲು ಆ ವಾರ ಅದು ಎಲ್ಲಿಗೆ ಹೊರಟಿತ್ತೆಂದು ವಿಚಾರಿಸಬೇಕು.