ಪದ ಪರಿಚಯ: ಲ್ಯಾಬ್ ಲೀಡರ್‌ಶಿಪ್

ಲ್ಯಾಬ್ ರಿಪೋರ್ಟಿನ ಕೊನೆಯಲ್ಲಿ ಒಂದು ಸಹಿ ಇರುತ್ತದೆ. ಪೆಥಾಲಜಿಸ್ಟ್ ಅಥವಾ ಬಯೋಕೆಮಿಸ್ಟ್ ಹಾಕಿದ್ದು. ಲ್ಯಾಬ್ ಲೀಡರ್‌ಶಿಪ್ ಎಂದರೆ ಆ ಸಹಿ ಹಾಕುವ ಅಧಿಕಾರ ಅಂತಲೇ ಸುಮಾರು ಜನ ತಿಳಿದಿದ್ದಾರೆ. ಆದರೆ ಅದರ ವ್ಯಾಪ್ತಿ ಇನ್ನೂ ದೊಡ್ಡದು. ರಕ್ತ ತೆಗೆಯುವ ಸೂಜಿಯಿಂದ ಹಿಡಿದು, ರಿಪೋರ್ಟ್ ನೋಡಿ ಡಾಕ್ಟರು ಚಿಕಿತ್ಸೆ ತೀರ್ಮಾನಿಸುವವರೆಗಿನ ಇಡೀ ದಾರಿಗೆ ಹೊಣೆ ಹೊರುವುದು. ಜೊತೆಗೆ, ನಾಳೆ ಆ ಹೊಣೆ ಹೊರಬಲ್ಲವರನ್ನು ತಯಾರು ಮಾಡುವುದು.

ಉಡುಪಿಯ ಯಾವುದೋ ಆಸ್ಪತ್ರೆಯ ಲ್ಯಾಬ್, ರಾತ್ರಿ ಪಾಳಿ ಅಂತ ಇಟ್ಟುಕೊಳ್ಳಿ. ಒಂದು ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ 7.9 ಬಂದಿದೆ. ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸು ಇರಬೇಕು. 7.9 ನಿಜವಾದರೆ ಹೃದಯವೇ ನಿಲ್ಲಬಹುದು. ಅದೇ ಸ್ಯಾಂಪಲ್‌ನಲ್ಲಿ ಕ್ಯಾಲ್ಸಿಯಂ 4ಕ್ಕೆ ಇಳಿದಿದೆ. ಅದು ಎಂಟೂವರೆ ಮೇಲಿರಬೇಕಿತ್ತು. ವಾರ್ಡಿಗೆ ಫೋನ್ ಮಾಡಿದರೆ ರೋಗಿ ಆರಾಮಾಗಿ ಗಂಜಿ ಊಟ ಮಾಡುತ್ತಿದ್ದಾರಂತೆ.

ಮೆಷಿನ್ ಸುಳ್ಳು ಹೇಳಿಲ್ಲ. ಟ್ಯೂಬಿನಲ್ಲಿ ಇದ್ದದ್ದನ್ನೇ ಅಳೆದಿದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕದ ಪೊಟ್ಯಾಸಿಯಂ ಲವಣ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ. ರಕ್ತ ಸಾಲಲಿಲ್ಲ ಅಂತ ಯಾರೋ ಆ ಟ್ಯೂಬಿನಿಂದ ಇನ್ನೊಂದಕ್ಕೆ ಸ್ವಲ್ಪ ಸುರಿದಿರಬೇಕು. ಪೊಟ್ಯಾಸಿಯಂ ಏರಿತು, ಕ್ಯಾಲ್ಸಿಯಂ ಕುಸಿಯಿತು. ಈ ಜೋಡಿಯನ್ನು ನೋಡಿದ ಟೆಕ್ನಿಷಿಯನ್ ರಿಪೋರ್ಟ್ ತಡೆಹಿಡಿದು, 'ಸಿಸ್ಟರ್, ಈ ಸ್ಯಾಂಪಲ್ ಸರಿ ಇಲ್ಲ, ಹೊಸದಾಗಿ ಒಂದು ಕಳಿಸಿ' ಅಂದರೆ, ಅಲ್ಲಿ ಲೀಡರ್‌ಶಿಪ್ ಉಂಟು. ಆ ಹುಡುಗಿಗೆ ಕೆಲಸಕ್ಕೆ ಸೇರಿ ಆರು ತಿಂಗಳಷ್ಟೇ ಆಗಿರಬಹುದು.

ಆದರೆ ಆ ಧೈರ್ಯ ಸುಮ್ನೆ ಬರುವುದಿಲ್ಲ. 'ಸಂಶಯ ಬಂದರೆ ನಿಲ್ಲಿಸು, ಯಾರಾದರೂ ರೇಗಿದರೆ ನನಗೆ ಫೋನ್ ಕೊಡು' ಅಂತ ಮುಖ್ಯಸ್ಥರು ಮೊದಲೇ ಹೇಳಿರಬೇಕು. ಮರುದಿನ ಅವರೇ ವಾರ್ಡಿಗೆ ಹೋಗಬೇಕು. ರಕ್ತ ತೆಗೆಯುವಾಗ ಮೊದಲು ತುಂಬಿಸಬೇಕಾದದ್ದು ಇಡಿಟಿಎ ಇಲ್ಲದ ಸೀರಂ ಟ್ಯೂಬ್, ಆಮೇಲೆ ನೇರಳೆ. ಒಂದರಿಂದ ಇನ್ನೊಂದಕ್ಕೆ ಸುರಿಯಬೇಡಿ ಅಂತ ತೋರಿಸಿಕೊಡಬೇಕು. ಬೈಯಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೈಸಿಕೊಂಡವರು ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾರೆ. ಅದರ ಪೆಟ್ಟು ಬೀಳುವುದು ರೋಗಿಗೆ.

ದಾರಿಯ ಇನ್ನೊಂದು ತುದಿಯೂ ಅಷ್ಟೇ ಮುಖ್ಯ. 1972ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಜಾರ್ಜ್ ಲುಂಡ್‌ಬರ್ಗ್ ಎಂಬ ಪೆಥಾಲಜಿಸ್ಟ್ 'ಪ್ಯಾನಿಕ್ ವ್ಯಾಲ್ಯೂ' ಎಂಬ ಪದ್ಧತಿಯನ್ನು ಬರೆದು ಪ್ರಕಟಿಸಿದರು. ಜೀವಕ್ಕೆ ಅಪಾಯ ಇರುವ ಫಲಿತಾಂಶ ಬಂದರೆ ಲ್ಯಾಬ್ ತಾನಾಗಿಯೇ ಡಾಕ್ಟರಿಗೆ ತಿಳಿಸಬೇಕು ಎಂಬುದು ಅದರ ಸಾರ. ಈಗ ಅದನ್ನು ಕ್ರಿಟಿಕಲ್ ವ್ಯಾಲ್ಯೂ ಅಂತ ಜಾಸ್ತಿ ಕರೆಯುತ್ತಾರೆ. ಯಾವ ಅಂಕಿ ದಾಟಿದರೆ ಫೋನ್ ಮಾಡಬೇಕು ಎಂಬ ಪಟ್ಟಿಯನ್ನು ಲ್ಯಾಬಿನವರು ಮತ್ತು ಡಾಕ್ಟರುಗಳು ಕೂತು ಮಾತಾಡಿಯೇ ಮಾಡಬೇಕು. ಫೋನ್ ತೆಗೆದುಕೊಂಡವರು ಬರೆದುಕೊಂಡ ಅಂಕಿಯನ್ನು ತಿರುಗಿ ಓದಿ ಹೇಳಬೇಕು. ಸಮಯ, ಹೆಸರು ಎರಡೂ ದಾಖಲಾಗಬೇಕು.

ನಮ್ಮ ಕರಾವಳಿಗೇ ಸೇರಿದ ಎರಡು ವಿಷಯ ಹೇಳಬೇಕು. ಮೊದಲನೆಯದು ದೂರ. ಬೈಂದೂರು, ಕಾರ್ಕಳ, ಬೆಳ್ತಂಗಡಿಯಂಥ ಕಡೆಯಿಂದ ಸ್ಯಾಂಪಲ್ ಪೇಟೆಯ ದೊಡ್ಡ ಲ್ಯಾಬಿಗೆ ಬರುವಾಗ ಹೊತ್ತಾಗುತ್ತದೆ, ಸೆಖೆ ಬೇರೆ. ರಕ್ತಕಣಗಳನ್ನು ಬೇರ್ಪಡಿಸದೆ ಹಾಗೇ ಇಟ್ಟರೆ ಅವು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸ್ ಕಡಿಮೆಯಾಗುತ್ತದೆ. ಶುಗರ್ ಇರುವವರ ರಿಪೋರ್ಟ್ ನಾರ್ಮಲ್ ಅಂತ ಬಂದುಬಿಡಬಹುದು, ಅಲ್ವಾ? ಸಂಗ್ರಹ ಕೇಂದ್ರದಲ್ಲೇ ರಕ್ತಕಣ ಬೇರ್ಪಡಿಸುವ ಒಂದು ಸೆಂಟ್ರಿಫ್ಯೂಜ್ ಇಡಿ ಅಂತ ಮ್ಯಾನೇಜ್‌ಮೆಂಟ್ ಎದುರು ಕೂತು ದುಡ್ಡು ಕೇಳುವುದೂ ಲೀಡರ್‌ಶಿಪ್ಪೇ.

ಎರಡನೆಯದು ಮಲೇರಿಯಾ. ಮಳೆಗಾಲ ಬಂತೆಂದರೆ ಮಂಗಳೂರಿನ ಲ್ಯಾಬುಗಳಲ್ಲಿ ಸ್ಲೈಡ್ ರಾಶಿ ಬೀಳುತ್ತಿದ್ದ ಕಾಲ ಇತ್ತು. 2015ರಿಂದ ಕೇಸುಗಳನ್ನು ಡಿಜಿಟಲ್ ಆಗಿ ದಾಖಲಿಸುವ ವ್ಯವಸ್ಥೆ ಬಂತು. ಆಮೇಲಿನ ವರ್ಷಗಳಲ್ಲಿ ಕೇಸುಗಳೂ ತುಂಬಾ ಇಳಿದವು. ಬಹಳ ಸಂತೋಷದ ವಿಷಯ. ಆದರೆ ಇದರಿಂದ ಲ್ಯಾಬಿಗೆ ಒಂದು ಹೊಸ ಕಷ್ಟ. ಹಿರಿಯ ಟೆಕ್ನಿಷಿಯನ್‌ಗಳು ದಿನಾ ನೋಡಿ ನೋಡಿ ಮಲೇರಿಯಾದ ಎರಡು ಬಗೆಗಳಾದ ವೈವಾಕ್ಸ್ ಯಾವುದು, ಫಾಲ್ಸಿಪಾರಂ ಯಾವುದು ಅಂತ ಒಂದೇ ನೋಟಕ್ಕೆ ಹೇಳುತ್ತಿದ್ದರು. ಈಗ ಸೇರಿದವರಿಗೆ ಅಷ್ಟು ಪಾಸಿಟಿವ್ ಸ್ಲೈಡ್ ಸಿಗುವುದಿಲ್ಲ. ಒಳ್ಳೆಯ ಸ್ಲೈಡುಗಳನ್ನು ಜೋಪಾನ ಮಾಡಿಟ್ಟು, ಹಿರಿಯರು ನಿವೃತ್ತರಾಗುವ ಮೊದಲೇ ಕಿರಿಯರನ್ನು ಅವರ ಪಕ್ಕ ಕೂರಿಸಬೇಕು. ವೃತ್ತಿ ಬೆಳವಣಿಗೆ ಎಂದರೆ ನನ್ನ ಮಟ್ಟಿಗೆ ಮೊದಲು ಇದು. ಸರ್ಟಿಫಿಕೇಟಿನ ಮಾತು ಆಮೇಲೆ.

ನಿಯಮಗಳೂ ಉಂಟು. ಡಾಕ್ಟರುಗಳು 5 ವರ್ಷದಲ್ಲಿ 30 ಗಂಟೆ ಮುಂದುವರಿದ ಶಿಕ್ಷಣ ಪಡೆಯಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳಿತ್ತು. ಲ್ಯಾಬ್ ಟೆಕ್ನಾಲಜಿಯವರೂ ಸೇರಿದಂತೆ ಹಲವು ವೃತ್ತಿಗಳಿಗೆ 2021ರಲ್ಲಿ ಕೇಂದ್ರದ ಪ್ರತ್ಯೇಕ ಕಾನೂನು ಬಂತು. ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ಎನ್‌ಎಬಿಎಲ್‌ನ ಮಾನ್ಯತೆಗೆ ಆಧಾರವಾದ ಐಎಸ್‌ಒ 15189 ಮಾನದಂಡದಲ್ಲಿ ಲ್ಯಾಬ್ ನಿರ್ದೇಶಕರ ಜವಾಬ್ದಾರಿಗಳನ್ನು ಬರೆದಿದ್ದಾರೆ. ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಕೊನೆಯ ಹೊಣೆ ಮಾತ್ರ ಅವರದ್ದೇ.

ಮಣಿಪಾಲದ ಕೆಎಂಸಿ (ಕಸ್ತೂರ್ಬಾ ಮೆಡಿಕಲ್ ಕಾಲೇಜು) 1953ರಲ್ಲಿ, ಮಂಗಳೂರಿನದ್ದು 1955ರಲ್ಲಿ ಶುರುವಾದವು. ಅಂದಿನಿಂದ ಈ ಎರಡು ಊರುಗಳಲ್ಲಿ ಓದಿದವರು ಎಷ್ಟೆಷ್ಟೋ ಕಡೆ ಲ್ಯಾಬ್ ನಡೆಸುತ್ತಿದ್ದಾರೆ. ಈಗ ಇಲ್ಲಿ ಎಂ.ಡಿ. ಅಥವಾ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಓದುತ್ತಿರುವವರು ಹುದ್ದೆ ಸಿಗುವ ತನಕ ಕಾಯಬೇಕಾಗಿಲ್ಲ. ಒಂದು ತಿಂಗಳು ನಿಮ್ಮ ಲ್ಯಾಬಿನಲ್ಲಿ ತಿರಸ್ಕರಿಸಿದ ಸ್ಯಾಂಪಲ್‌ಗಳನ್ನು ಕಾರಣದ ಜೊತೆ ಬರೆದಿಡಿ. ಹೀಮೊಲೈಸ್ ಆದದ್ದು, ಅಂದರೆ ರಕ್ತಕಣ ಒಡೆದದ್ದು ಎಷ್ಟು, ಹೆಸರಿಲ್ಲದ್ದು ಎಷ್ಟು, ಯಾವ ವಾರ್ಡಿನಿಂದ ಜಾಸ್ತಿ. ಆ ಹಾಳೆ ಹಿಡಿದುಕೊಂಡು ನಿಮ್ಮ ಮೇಡಂ ಜೊತೆ ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ, ಅವರಿಗೆ ಅಲ್ಲಿ ಏನು ತೊಂದರೆ ಆಗುತ್ತಿದೆ ಅಂತ ಮೊದಲು ಕೇಳಿ.